ದೊಡ್ಡಮ್ಮನ ಮೂಳೆ, ಕೋಳಿಯ ಮೊಟ್ಟೆ

ಮಾಲೂರಿನ ಔಷಧಿ ಅಂಗಡಿಯ ಹುಡುಗಿ ಕ್ಯಾಲ್ಸಿಯಂ ಮಾತ್ರೆಯ ಡಬ್ಬಿಯನ್ನು ಕವರಿಗೆ ಹಾಕುತ್ತ, "ಮೇಡಮ್ಮೋರಿಗಾ ಸಾರ್?" ಎಂದು ಕೇಳಿದಳು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಡಬ್ಬಿಯ ಮೇಲೆ ನಗುತ್ತಿರುವ ಹೆಂಗಸಿನ ಚಿತ್ರವೇ ಇತ್ತು. "ಅಲ್ಲಮ್ಮ, ನಂಗೇ" ಎಂದೆ. ಅವಳು ಡಾಕ್ಟರ ಚೀಟಿಯನ್ನು ಇನ್ನೊಮ್ಮೆ ಓದಿ, ಆಮೇಲೆ ನನ್ನನ್ನೂ ಒಮ್ಮೆ ಓದಿ, "ಊಟ ಆದ್ಮೇಲೆ ತಗೊಳ್ಳಿ ಸಾರ್" ಎಂದು ತೀರ ಮೆತ್ತಗೆ ಹೇಳಿದಳು. ಗಾಜಿನ ಸಾಮಾನನ್ನು ಮಾತಾಡಿಸುವಂತಿತ್ತು ಆ ದನಿ.

ನಾನು ಗಾಜಿನ ಸಾಮಾನು ಎಂಬುದು ನನಗೂ ಆ ವಾರವೇ ಗೊತ್ತಾದದ್ದು. ಮನೆ ಬಾಗಿಲಿಗೆ ಬಂದಿದ್ದ ನೀರಿನ ಕ್ಯಾನನ್ನು ಹೆಂಡತಿ "ಇರಿ, ಉರುಳಿಸ್ಕೊಂಡು ಹೋಗೋಣ" ಎನ್ನುತ್ತಿದ್ದರೂ ಕೇಳದೆ, ನಿವೃತ್ತಿಗೆ ಇನ್ನೂ ಒಂದು ವರ್ಷ ಇರುವ ಗಂಡಸು ನಾನು ಎಂದು ತೋರಿಸಲು ಎತ್ತಿದೆ. ಸೊಂಟದ ಮೇಲೆ ಏನೋ ಛಳಕ್ಕೆಂದಿತು. ಎತ್ತಿದ ಕ್ಯಾನನ್ನು ಇಳಿಸಿದೆ, ಬಾಗಿದ ಬೆನ್ನನ್ನು ಎತ್ತಲಾಗಲಿಲ್ಲ. ಡಾಕ್ಟರು ಎಕ್ಸ್‌ರೇ ತೆಗೆಸಿದರು, ಮೂಳೆಯ ಗಟ್ಟಿತನ ಅಳೆಯುವ ಪರೀಕ್ಷೆಗೆ ಕೋಲಾರಕ್ಕೆ ಕಳಿಸಿದರು, ಕೊನೆಗೆ "ಮೂಳೆ ಸ್ವಲ್ಪ ಟೊಳ್ಳಾಗ್ತಿದೆ ಮೇಷ್ಟ್ರೇ" ಎಂದರು. "ಅದು ಹೆಂಗಸರಿಗೆ ಬರೋದಲ್ವಾ ಸಾರ್?" ಎಂದೆ. "ಹೆಂಗಸರಿಗೆ ಬೇಗ, ಗಂಡಸರಿಗೆ ನಿಧಾನ. ಮೂಳೆಗೆ ಮೀಸೆ ಕಾಣಿಸಲ್ಲ" ಎಂದು ನಕ್ಕರು.

ದಾರಿಯಲ್ಲಿ ಕುತೂಹಲ ತಡೆಯದೆ ಡಬ್ಬಿ ತೆರೆದು ಮೂಸಿದೆ. ಸೀಮೆಸುಣ್ಣದ ವಾಸನೆ, ಅದರ ಮೇಲೆ ಬಲವಂತಕ್ಕೆ ಬಂದು ಕೂತಂತಿದ್ದ ಕಿತ್ತಳೆ ವಾಸನೆ. ಆ ಎರಡೂ ಸೇರಿದ್ದೇ ತಡ, ತಾಯಲೂರಿನ ನಮ್ಮ ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಕಣ್ಣ ಮುಂದೆ ನಿಂತಳು. ನಿಮಗೂ ಅವಳನ್ನು ಪರಿಚಯ ಮಾಡಿಸುತ್ತೇನೆ, ಬನ್ನಿ.

ಹದಿನೈದು ವರ್ಷದ ಹಿಂದಿನ ಮಾತು. ತಾಯಲೂರಿನ ಹೈಸ್ಕೂಲಿಗೆ ಸಮಾಜ ವಿಜ್ಞಾನದ ಮೇಷ್ಟ್ರಾಗಿ ನನಗೆ ವರ್ಗವಾಗಿತ್ತು. ಹೆಂಡತಿ, ಮಕ್ಕಳು, ಅಮ್ಮ ಮಾಲೂರಿನಲ್ಲಿ. ನಾನು ಶನಿವಾರ ಮಧ್ಯಾಹ್ನ ಅಲ್ಲಿಗೆ ಓಡುತ್ತಿದ್ದೆ, ಉಳಿದ ದಿನಗಳಲ್ಲಿ ತಾಯಲೂರಿನ ದೊಡ್ಡಮ್ಮನ ಮನೆಯಲ್ಲಿ ಇರುತ್ತಿದ್ದೆ. ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ, ನಾರಾಯಣಮ್ಮ. ಅವಳ ಗಂಡ ಮುನಿಶಾಮಪ್ಪ, ನನಗೆ ದೊಡ್ಡಪ್ಪ. ಒಬ್ಬಳೇ ಮಗಳನ್ನು ಶ್ರೀನಿವಾಸಪುರದ ಕಡೆ ಮಾವಿನ ತೋಟದವರ ಮನೆಗೆ ಕೊಟ್ಟಿದ್ದರು.

ದೊಡ್ಡಮ್ಮ ಎತ್ತರದ ಹೆಂಗಸು. ಆಗಲೇ ಅರವತ್ತು ದಾಟಿತ್ತು. ರೇಷ್ಮೆ ಹುಳಕ್ಕೆ ಹಾಕುವ ಸೊಪ್ಪಿನ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ತೋಟದಿಂದ ಬರುತ್ತಿದ್ದರೆ ಸೊಪ್ಪಿನ ಗುಡ್ಡವೊಂದು ತಾನೇ ನಡೆದು ಬಂದಂತೆ ಕಾಣುತ್ತಿತ್ತು. ಬೆಳಿಗ್ಗೆ ನಾನು ಹಲ್ಲುಜ್ಜುವಷ್ಟರಲ್ಲಿ ಅವಳು ಎರಡು ಸೀಮೆ ಹಸು ಕರೆದು, ಹಾಲನ್ನು ಡೈರಿಗೆ ಕಳಿಸಿ, ಬೆಲ್ಲದ ಕಪ್ಪು ಕಾಫಿ ಕುಡಿದು ಮುಗಿಸಿರುತ್ತಿದ್ದಳು. ಹೌದು, ಕಪ್ಪು ಕಾಫಿ. ನಮ್ಮ ಕಡೆಯ ಎಷ್ಟೋ ಮನೆಗಳ ಕಥೆ ಇದು. ಊರಿಗೆಲ್ಲ ಹಾಲು ಹೋಗುತ್ತದೆ, ಹಾಲು ಕರೆದವಳ ಲೋಟ ಕಪ್ಪಾಗಿಯೇ ಇರುತ್ತದೆ. ನಾನು ಬಂದ ಮೇಲೆ ನನಗೆಂದು ಒಂದು ಸಣ್ಣ ಚೆಂಬು ಹಾಲು ಉಳಿಯುತ್ತಿತ್ತು. "ಮೇಷ್ಟ್ರು ಅರಚಿ ಅರಚಿ ಗಂಟಲು ಒಣಗಿಸ್ಕೋತಾನೆ" ಎನ್ನುತ್ತಿದ್ದಳು. ಅವಳ ಬಾಯಲ್ಲಿ ನಾನು ಯಾವಾಗಲೂ ಮೇಷ್ಟ್ರೇ. ಸಿಟ್ಟು ಬಂದರೆ "ಲೇ ಮೇಷ್ಟ್ರೇ" ಆಗುತ್ತಿದ್ದೆ.

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ, ಹಿತ್ತಲಲ್ಲಿ ಕರುವಿನ ಹಗ್ಗ ಕಾಲಿಗೆ ತೊಡರಿ ಬಿದ್ದಳು. ಬಿದ್ದದ್ದು ಅಂದರೆ ಜೋರಾಗೇನಲ್ಲ, ಕುಸಿದು ಕೂತ ಹಾಗೆ. ಬೀಳುವಾಗ ಬಲಗೈ ಊರಿದ್ದಳು ಅಷ್ಟೇ. ಒಣಗಿದ ಕಡ್ಡಿ ಲಟಕ್ಕೆಂದಂತೆ ಒಂದು ಸದ್ದು ನನಗೂ ಕೇಳಿಸಿತು. ಓಡಿ ಹೋದೆ. ಮಣಿಕಟ್ಟು ಊಟದ ಚಮಚೆಯ ಹಾಗೆ ಸೊಟ್ಟಗಾಗಿತ್ತು. ಅವಳು ಅದನ್ನು ಎಡಗೈಯಲ್ಲಿ ಹಿಡಿದುಕೊಂಡು, ನೋವಿಗೆ ಹಲ್ಲು ಕಚ್ಚಿ, ಮೊದಲು ಹೇಳಿದ ಮಾತು: "ಲೇ ಮೇಷ್ಟ್ರೇ, ಹುಳಕ್ಕೆ ಸೊಪ್ಪು ಹಾಕ್ಬಿಟ್ಟು ಬಾ. ಆಮೇಲೆ ನನ್ನ ನೋಡುವಂತೆ."

ಹುಳ ಆಗ ಗೂಡು ಕಟ್ಟುವ ಮುಂಚಿನ ಹಸಿವಿನಲ್ಲಿತ್ತು. ಆ ಹಂತದಲ್ಲಿ ಅವು ತಿನ್ನುವ ಸದ್ದು ಮನೆಯೊಳಗೆ ಜಿಟಿಜಿಟಿ ಮಳೆ ಹಿಡಿದ ಹಾಗಿರುತ್ತದೆ. ಸೊಪ್ಪನ್ನು ಹೇಗೋ ಚೆಲ್ಲಿ ಬಂದೆ. ಪಕ್ಕದ ಮನೆಯ ಚೌಡಮ್ಮ ನಾಟಿ ಕಟ್ಟು ಕಟ್ಟಿಸಿ ಎಂದಳು. ದೊಡ್ಡಪ್ಪ ಆಲೋಚನೆ ಮಾಡುತ್ತ ನಿಂತರು. ಅಷ್ಟರಲ್ಲಿ ಕೈ ಊದಿಕೊಂಡು ಬಂತು. ಆಟೋ ಹಿಡಿದು ಮೂವರೂ ಮುಳಬಾಗಿಲಿಗೆ ಹೋದೆವು.

ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಎಕ್ಸ್‌ರೇ ಹಿಡಿದು ಬೆಳಕಿಗೆ ನೋಡಿದರು, ದೊಡ್ಡಮ್ಮನ ಮುಖ ನೋಡಿದರು, ಮತ್ತೆ ಎಕ್ಸ್‌ರೇ ನೋಡಿದರು.

"ಇಷ್ಟು ಸಣ್ಣದಾಗಿ ಬಿದ್ದಿದ್ದಕ್ಕೆ ಇಷ್ಟು ಮುರೀಬಾರದಿತ್ತಮ್ಮ. ಹಾಲು ಕುಡೀತೀರಾ?"

"ಹಾಲು ಡೈರಿಗೆ ಹೋಗ್ತದಮ್ಮ."

"ಎಲ್ಲಾನೂ?"

"ಕರೂಗೆ ಬಿಟ್ಟು, ಈ ಮೇಷ್ಟ್ರಿಗೆ ಬಿಟ್ಟು, ಮಿಕ್ಕಿದ್ದೆಲ್ಲ."

ಕರುವಿನ ಪಕ್ಕದಲ್ಲಿ ನನಗೆ ಸಿಕ್ಕ ಸ್ಥಾನವನ್ನು ಡಾಕ್ಟರಮ್ಮ ಗಮನಿಸಿದಂತೆ ಕಂಡಿತು.

"ಮುದ್ದೆ?"

"ಎರಡು ಹೊತ್ತೂ ಅದೇ."

"ಅದೇ ನಿಮ್ಮನ್ನ ಇಷ್ಟು ದಿನ ಕಾಪಾಡಿದೆ" ಎಂದರು ಡಾಕ್ಟರಮ್ಮ. "ಮನೇಲಿ ಯಾರಿಗಾದ್ರೂ ಬೆನ್ನು ಬಾಗಿತ್ತಾ? ನಿಮ್ಮಮ್ಮಂಗೆ?"

"ಬಾಗಿತ್ತು. ಅದು ವಯಸ್ಸಾಗಿ."

"ವಯಸ್ಸಿಗೆ ಬೆನ್ನು ತಾನಾಗೇ ಬಾಗಲ್ಲಮ್ಮ. ಮುಟ್ಟು ನಿಂತ ಮೇಲೆ ಮೂಳೆ ಒಳಗಿಂದ ಸೋರೋಕೆ ಶುರು ಆಗುತ್ತೆ. ಬೆನ್ನಿನ ಮೂಳೆ ಒಂದೊಂದಾಗಿ ಕುಸಿದು ಕೂತ್ಕೊಳುತ್ತೆ. ಎಷ್ಟೋ ಸಲ ನೋವೂ ಆಗಲ್ಲ. ಜನ ವಯಸ್ಸು ಅಂದ್ಕೋತಾರೆ."

ಕೈಗೆ ಪಟ್ಟಿ ಹಾಕುವಾಗ ದೊಡ್ಡಮ್ಮ ಕಿರುಚಲಿಲ್ಲ. ಡಾಕ್ಟರಮ್ಮ ಕ್ಯಾಲ್ಸಿಯಂ ಮಾತ್ರೆ ಬರೆದರು, ವಾರಕ್ಕೊಮ್ಮೆ ಕುಡಿಯುವ ವಿಟಮಿನ್ ಡಿ ಪುಡಿ ಬರೆದರು, ಮೂಳೆಗೆಂದೇ ಇನ್ನೊಂದು ಔಷಧಿ ಬರೆದರು. ಮುಂದಿನ ಸಲ ಮುರಿದರೆ ಕೈ ಆಗಿರುವುದಿಲ್ಲ, ಸೊಂಟ ಆಗಿರುತ್ತದೆ, ಹುಷಾರು ಎಂದೂ ಹೇಳಿದರು.

ವಾಪಸು ಬರುವಾಗ ಆಟೋದಲ್ಲಿ ಅವಳು ಹೊರಗೆ ನೋಡುತ್ತ ಕೂತಿದ್ದಳು. ಲಕ್ಕೂರಿನಲ್ಲಿದ್ದ ಅವಳ ಅಮ್ಮನನ್ನು, ಅಂದರೆ ನಮ್ಮ ಅಜ್ಜಿಯನ್ನು, ನಾನೂ ನೋಡಿದ್ದೆ. ಕೊನೆಯ ವರ್ಷಗಳಲ್ಲಿ ಅವಳ ಬೆನ್ನು ಕುಡುಗೋಲಿನ ಹಾಗೆ ಬಾಗಿ, ಮುಖ ಎತ್ತಲಾಗದೆ, ಬಂದವರನ್ನು ಕಾಲು ನೋಡಿ ಗುರುತು ಹಿಡಿಯುತ್ತಿದ್ದಳು. ರಜೆಗೆ ಹೋದ ನನ್ನ ಪಾದ ನೋಡಿ, "ಮಾಲೂರು ಮರಿ ಬಂತಾ" ಎನ್ನುತ್ತಿದ್ದಳು. ನಮಗೆ ಮಕ್ಕಳಿಗೆ ಅದು ದೊಡ್ಡ ಆಟ. ಒಬ್ಬರ ಚಪ್ಪಲಿ ಇನ್ನೊಬ್ಬರು ಹಾಕಿಕೊಂಡು ಹೋಗಿ ಮೋಸ ಮಾಡಲು ನೋಡುತ್ತಿದ್ದೆವು. ಅಜ್ಜಿ ಬೆರಳು ನೋಡಿ ಹೇಳಿಬಿಡುತ್ತಿದ್ದಳು. ಅಜ್ಜಿ ಅಂದರೆ ಹಾಗೇ ಇರಬೇಕು ಎಂದೇ ನಾನು ತಿಳಿದಿದ್ದೆ.

ಆಟೋ ತಾಯಲೂರು ಮುಟ್ಟುವಾಗ ದೊಡ್ಡಮ್ಮ ಹೇಳಿದಳು: "ನಮ್ಮಮ್ಮ ನನ್ನ ಮುಖ ನೋಡಿ ಎಷ್ಟೋ ವರ್ಷ ಆಗಿತ್ತು ಕಣೋ, ಸಾಯೋ ಹೊತ್ತಿಗೆ. ಮಲಗಿಸಿದಾಗಲೇ ನೋಡಿದ್ದು. ನೀನು ಇಷ್ಟು ಮುದುಕಿ ಆಗ್ಬಿಟ್ಯಾ ಅಂದ್ಲು." ಪಟ್ಟಿ ಹಾಕಿದ ಕೈಯನ್ನು ಮಡಿಲಿಗೆ ಎಳೆದುಕೊಂಡು, "ನಾನು ಹಂಗಾಗಬಾರ್ದು" ಎಂದಳು.

ಹಾಗೆ ಹೇಳಿದವಳು ಮಾರನೆಯ ದಿನದಿಂದಲೇ ಮಾತ್ರೆಗಳನ್ನು ಶ್ರದ್ಧೆಯಿಂದ ನುಂಗಿದಳು ಎಂದು ನೀವು ಭಾವಿಸಿದರೆ ನಿಮಗೆ ನಮ್ಮ ದೊಡ್ಡಮ್ಮ ಇನ್ನೂ ಗೊತ್ತಾಗಿಲ್ಲ. ಉಳಿದ ಔಷಧಿ ಹೇಗೋ ತೆಗೆದುಕೊಂಡಳು. ಕ್ಯಾಲ್ಸಿಯಂ ಮಾತ್ರೆಯ ಗಾತ್ರ ನೋಡಿ, "ಇದು ಮನುಷ್ಯರಿಗಾ, ಎತ್ತಿಗಾ?" ಎಂದಳು. ಚೌಡಮ್ಮ ಬಂದು ಕೂತು ಉರಿಯುವ ಒಲೆಗೆ ಸೌದೆ ಹಾಕಿದಳು.

"ಸುಣ್ಣಾನೇ ತಾನೆ ಅದು? ಎಲೆ ಅಡಿಕೆಗೆ ಹಚ್ಕೊಂಡು ನಲವತ್ತು ವರ್ಷದಿಂದ ತಿಂತಿದೀವಿ. ನಮ್ ಬೋರ್‌ವೆಲ್ ನೀರು ಬೇರೆ. ಪಾತ್ರೆ ತಳದಾಗೆ ಬೆಳ್ಳಗೆ ಕಟ್ಕೊಂತದಲ್ಲ, ಅದೇನು? ಇನ್ನೂ ತಿಂದ್ರೆ ಕಲ್ಲಾಗ್ತದೆ."

ನಾನು ಮೇಷ್ಟ್ರು. ಯಾರಾದರೂ ತಪ್ಪು ಹೇಳಿದರೆ ಬೆನ್ನು ನೆಟ್ಟಗಾಗುತ್ತದೆ. ಎಲೆಗೆ ಹಚ್ಚುವ ಸುಣ್ಣ ನಂಬಿಕೊಂಡು ಕೂರುವಂಥದ್ದಲ್ಲ, ನೀರಿನದೇ ಲೆಕ್ಕವಾದರೆ ನಮ್ಮ ತಾಲೂಕಿನಲ್ಲಿ ಒಬ್ಬರ ಮೂಳೆಯೂ ಮುರಿಯಬಾರದಿತ್ತು ಎಂದೆಲ್ಲ ಭಾಷಣ ಮಾಡಿದೆ. ಇಬ್ಬರೂ ಪೂರ್ತಿ ಕೇಳಿದರು. ಕೇಳಿ ಎಲೆಗೆ ಸುಣ್ಣ ಹಚ್ಚಿಕೊಂಡರು.

ಆದರೆ ಊಟದ ಕಥೆ ಬೇರೆಯಾಯಿತು. ಬಲಗೈಗೆ ಪಟ್ಟಿ ಬಿದ್ದ ಮೇಲೆ ಮುದ್ದೆ ತಿರುವುವವರು ಯಾರು? ಮಗಳು ಆಗಷ್ಟೇ ಎರಡನೆಯದನ್ನು ಹೆತ್ತು ಬಾಣಂತಿ, ಶ್ರೀನಿವಾಸಪುರದಿಂದ ಬರುವಂತಿರಲಿಲ್ಲ. ನನಗೆ ಬರುತ್ತಿದ್ದದ್ದು ಉಪ್ಪಿಟ್ಟೊಂದೇ. ಎರಡು ದಿನ ಅದನ್ನು ತಿಂದ ದೊಡ್ಡಪ್ಪ ಮೂರನೆಯ ದಿನ ತಟ್ಟೆಯನ್ನು ಸುಮ್ಮನೆ ಪಕ್ಕಕ್ಕೆ ಸರಿಸಿ ಎದ್ದು ನಿಂತರು.

ದೊಡ್ಡಪ್ಪ ನಂಗಲಿಯ ಕಡೆಯವರು. ಮಾತು ಕಮ್ಮಿ, ಆಡಿದರೆ ಅರ್ಧ ತೆಲುಗು. ಅಡುಗೆ ಮನೆಯ ಹೊಸಲಿನಾಚೆ ಅವರು ಕಾಲಿಟ್ಟದ್ದನ್ನು ನಾನು ನೋಡಿರಲಿಲ್ಲ. ಆವತ್ತು ಪಂಚೆ ಎತ್ತಿ ಕಟ್ಟಿ ಒಳಗೆ ಹೋದರು. "ಡಾಕ್ಟರಮ್ಮ ಸಂಗಟಿ ತಿನ್ನಬೇಕು ಅಂದಿದಾಳೆ. ಉಪ್ಪಿಟ್ಟು ತಿಂದ್ರೆ ಮೂಳೆ ಕೂಡಲ್ಲ" ಎಂದರು. ಮುದ್ದೆಗೆ ಅವರು ಅನ್ನುತ್ತಿದ್ದದ್ದು ತೆಲುಗಿನ ಸಂಗಟಿಯೇ. ನನ್ನ ಉಪ್ಪಿಟ್ಟಿಗೆ ಅದಕ್ಕಿಂತ ಖಡಾಖಂಡಿತವಾದ ವಿಮರ್ಶೆ ಮತ್ತೆ ಬಂದಿಲ್ಲ.

ದೊಡ್ಡಮ್ಮ ಹೊಸಲಿನ ಮೇಲೆ ಕೂತು ಪಾಠ ಶುರು ಮಾಡಿದಳು.

"ನೀರು ಕುದೀಲಿ. ಈಗ ಹಿಟ್ಟು ಹಾಕಿ, ಮಧ್ಯಕ್ಕೆ. ಕೋಲು ಹಾಕ್ಬೇಡಿ, ಹಂಗೇ ಬೇಯ್ಲಿ."

"ಎಂತ ಸೇಪು?" ಎಷ್ಟು ಹೊತ್ತು ಎಂದು.

"ನಾನು ಹೇಳೋವರ್ಗೂ."

ಮದುವೆಯಾದ ಇಷ್ಟು ವರ್ಷಗಳಲ್ಲಿ ದೊಡ್ಡಪ್ಪನಿಗೆ ಅವಳು ಹಾಗೆ ಉತ್ತರ ಕೊಟ್ಟದ್ದು ಅದೇ ಮೊದಲಿರಬೇಕು. ಅವರು ಕೋಲು ಹಿಡಿದುಕೊಂಡು ನನ್ನ ಕೊನೇ ಬೆಂಚಿನ ಹುಡುಗರ ಹಾಗೆ ಮಿಕಮಿಕ ನೋಡುತ್ತ ನಿಂತರು. ಆಮೇಲೆ ಅವಳು "ಈಗ" ಎಂದಳು. ಅವರು ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ತಿರುವಿದರು. ನೇಗಿಲು ಹಿಡಿದ ಕೈಗೆ ಬಲ ಇತ್ತು, ಹದ ಇರಲಿಲ್ಲ. ಮುದ್ದೆ ಕಟ್ಟಿ ತಟ್ಟೆಗೆ ಇಟ್ಟಾಗ ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿತ್ತು. ಮುರಿದರೆ ಒಳಗೆ ಹಸಿ ಹಿಟ್ಟಿನ ಗಂಟು. ದೊಡ್ಡಮ್ಮ ನುಗ್ಗೆಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿ, "ಚೆನ್ನಾಗೈತೆ" ಎಂದಳು. ದೊಡ್ಡಪ್ಪ ಒಂದು ತುತ್ತು ಬಾಯಿಗಿಟ್ಟು, "ಅಬದ್ಧಂ ಚೆಪ್ಪಕು" ಎಂದರು. ಸುಳ್ಳು ಹೇಳಬೇಡ ಎಂದು ಅರ್ಥ.

ಎಡಗೈಯಲ್ಲಿ ಊಟ ಮಾಡಲು ಅವಳಿಗೆ ನಾಚಿಕೆ. ನಾನಿದ್ದರೆ ಇನ್ನೂ ನಾಚಿಕೆ. ಒಂದು ದಿನ ಶಾಲೆಯಿಂದ ಬೇಗ ಬಂದೆ. ಒಳಗೆ ನೋಡಿದರೆ ದೊಡ್ಡಪ್ಪ ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ, ಸಾರಿನಲ್ಲಿ ಅದ್ದಿ, ಅವಳ ಬಾಯಿಗೆ ಇಡುತ್ತಿದ್ದರು. ನನ್ನ ಚಪ್ಪಲಿ ಸದ್ದು ಕೇಳಿದ್ದೇ ಕೈಯಲ್ಲಿದ್ದ ತುತ್ತನ್ನು ತಮ್ಮ ಬಾಯಿಗೇ ಹಾಕಿಕೊಂಡು, "ಉಪ್ಪು ಸರಿಯಾಗೈತಾ ನೋಡ್ತಿದ್ದೆ" ಎಂದರು. ನಾನು ಮುಖ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋಗಿ, ಮುಖವನ್ನು ಬಹಳ ಹೊತ್ತು ತೊಳೆದೆ.

ಇನ್ನು ಮೊಟ್ಟೆಯ ವಿಷಯಕ್ಕೆ ಬರುತ್ತೇನೆ. ಅವರ ಮನೆಯಲ್ಲಿ ನಾಟಿ ಕೋಳಿಗಳಿದ್ದವು. ಬೆಳಿಗ್ಗೆ ನನ್ನ ಪಾಲಿಗೆ ಒಂದು ಬೇಯಿಸಿದ ಮೊಟ್ಟೆ. ಆ ದಿನಗಳಲ್ಲಿ ಮೊಟ್ಟೆಯ ಸಿಪ್ಪೆ ತೀರ ತೆಳ್ಳಗಿರುತ್ತಿತ್ತು. ಎಷ್ಟೋ ಸಲ ಬೇಯುವಾಗಲೇ ಒಡೆದು ನೀರೆಲ್ಲ ಬೆಳ್ಳಗಾಗುತ್ತಿತ್ತು. ಪಟ್ಟಿ ಹಾಕಿಸಿಕೊಂಡು ಬಂದ ಕೆಲವು ವಾರಗಳಾದ ಮೇಲೆ ಒಂದು ದಿನ ಮೊಟ್ಟೆಯನ್ನು ಕಟ್ಟೆಗೆ ತಟ್ಟಿದೆ, ಒಡೆಯಲಿಲ್ಲ. ಇನ್ನೊಮ್ಮೆ ಜೋರಾಗಿ ತಟ್ಟಿದೆ. ಆಗ ಒಡೆಯಿತು, ಒಳ್ಳೆ ಮಡಕೆ ಚೂರಿನಂಥ ಸಿಪ್ಪೆ.

"ಏನು ದೊಡ್ಡಮ್ಮ, ಮೊಟ್ಟೆ ಇಷ್ಟು ಗಟ್ಟಿ ಆಗಿದೆ?"

ಅವಳು ಸಿಪ್ಪೆಯ ಚೂರೊಂದನ್ನು ಎತ್ತಿಕೊಂಡು, ಉಗುರಿನಲ್ಲಿ ಒತ್ತಿ ನೋಡಿದಳು. ನಿನ್ನೆಯ ಮೊಟ್ಟೆಯೂ ಹೀಗೇ ಇತ್ತಾ ಎಂದು ಕೇಳಿದಳು. ಇತ್ತು ಎಂದೆ. ಮೊನ್ನೆಯದು? ಅದೂ ಹೀಗೆಯೇ. ಆಗ ಅವಳ ಮುಖದಲ್ಲಿ ಏನೋ ತೀರ್ಮಾನವಾದ ಹಾಗೆ ಕಂಡಿತು.

"ಹಂಗಾದ್ರೆ ಕೆಲಸ ಮಾಡ್ತದೆ ಅನ್ನು."

"ಯಾವ್ದು?"

"ಮಾತ್ರೆ."

ವಿಷಯ ಇಷ್ಟು. ದಿನವೂ ನಾವು ಕೊಡುತ್ತಿದ್ದ ಕ್ಯಾಲ್ಸಿಯಂ ಮಾತ್ರೆಯನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಲಿಗೆ ಹೋಗಿ, ಕಲ್ಲಲ್ಲಿ ಜಜ್ಜಿ, ನುಚ್ಚಿನ ಜೊತೆ ಕಲಸಿ ಕೋಳಿಗಳಿಗೆ ಹಾಕುತ್ತಿದ್ದಳು. ನಮ್ಮ ಮುಂದೆ ಲೋಟ ಎತ್ತಿ ನೀರು ಕುಡಿದದ್ದೆಲ್ಲ ಬರೀ ನೀರೇ. ದೊಡ್ಡಪ್ಪ ಆಗ ಹಸುವಿಗೆ ಹುಲ್ಲು ಹಾಕುತ್ತಿದ್ದವರು ಹುಲ್ಲನ್ನು ಹಾಗೇ ಹಿಡಿದು ನಿಂತರು.

"ಕೋಳಿಗೆ ಯಾಕೇ ಹಾಕ್ದೆ?"

"ನನ್ನ ಮೂಳೆ ಒಳಗೈತೆ, ಗಟ್ಟಿ ಆಯ್ತಾ ಇಲ್ವಾ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು? ಕೋಳಿದು ಹೊರಗೆ ಬರ್ತದೆ. ಅದಕ್ಕೆ ಆದ್ರೆ ನನಗೂ ಆಗ್ತದೆ ಅಂತ ನೋಡ್ದೆ."

ನಾನು ಬಿ.ಎಡ್. ಓದುವಾಗ ಪ್ರಯೋಗ, ವೀಕ್ಷಣೆ, ತೀರ್ಮಾನ ಎಂದು ಉರು ಹೊಡೆದಿದ್ದೆ. ಕೋಳಿಯ ಮೊಟ್ಟೆಗೂ ಮನುಷ್ಯರ ಮೂಳೆಗೂ ಇರುವ ವ್ಯತ್ಯಾಸ ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಆ ದಿನದ ಮಾತ್ರೆಯನ್ನು ಎರಡು ತುಂಡು ಮಾಡಿ, ಒಂದನ್ನು ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ ನುಂಗಿಬಿಟ್ಟಿದ್ದಳು. ನಾನು ಬಾಯಿ ಮುಚ್ಚಿದೆ. ಮೇಷ್ಟ್ರಾಗಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ನಂಬಿಕೆ ಬಂದ ಮೇಲೆ ದೊಡ್ಡಮ್ಮನನ್ನು ತಡೆಯುವುದು ಕಷ್ಟವಾಯಿತು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಕಪ್ಪು ಕಾಫಿಯ ಜೊತೆ, ರಕ್ತಕ್ಕೆಂದು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದ ಕಬ್ಬಿಣದ ಮಾತ್ರೆಯ ಜೊತೆಯಲ್ಲೇ ಇದನ್ನೂ ನುಂಗಿದಳು. ಹೊಟ್ಟೆ ಕಟ್ಟಿಕೊಂಡು ಒದ್ದಾಡಿದಳು. ಮತ್ತೆ ಮುಳಬಾಗಿಲಿಗೆ ಹೋದೆವು. ಡಾಕ್ಟರಮ್ಮ ಕೋಳಿಯ ಕಥೆ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಬಿಡಿಸಿ ಹೇಳಿದರು. ಈ ಮಾತ್ರೆ ಊಟದ ಜೊತೆಗೇ ಹೋಗಬೇಕು. ಒಂದೇ ಸಲಕ್ಕೆ ಹೆಚ್ಚು ಕೊಟ್ಟರೆ ಮೈ ಹಿಡಿಯುವುದಿಲ್ಲ, ಅದಕ್ಕೇ ಎರಡು ಹೊತ್ತಿಗೆ ಹಂಚಿ. ಕಬ್ಬಿಣದ ಮಾತ್ರೆ ಬೇರೆ ಹೊತ್ತಿಗೆ, ಎರಡೂ ಜೊತೆಗಿದ್ದರೆ ಒಂದಕ್ಕೊಂದು ಅಡ್ಡ. ಕಾಫಿಯೂ ದೂರ ಇರಲಿ. ನೀರು ಜಾಸ್ತಿ ಕುಡಿಯಿರಿ. ನುಂಗಲು ಕಷ್ಟವಾದರೆ ಅಗಿಯುವ ಮಾತ್ರೆ ಇದೆ ಎಂದು ಕಿತ್ತಳೆ ವಾಸನೆಯದನ್ನು ಬರೆದುಕೊಟ್ಟರು.

"ಎಲ್ಲಾನೂ ಮಾತ್ರೆ ಮೇಲೇ ಹೊರಿಸಬೇಡಿ" ಎಂದೂ ಹೇಳಿದರು. "ಊಟದಲ್ಲಿ ಎಷ್ಟು ಬರುತ್ತೋ ಅಷ್ಟು ಒಳ್ಳೇದು. ಮುದ್ದೆ, ಸೊಪ್ಪು, ಎಳ್ಳು, ಮೊಸರು, ಮುಳ್ಳು ಸಮೇತ ತಿನ್ನೋ ಸಣ್ಣ ಮೀನು. ಮಿಕ್ಕಿದ್ದನ್ನ ಮಾತ್ರೆ ತುಂಬಿಸ್ಲಿ."

ಚೌಡಮ್ಮನಿಗೆ ಈ ಸುದ್ದಿ ಮುಟ್ಟಿದಾಗ ಅವಳೂ ತನ್ನ ಗಂಡನಿಗೆ ಒಂದು ಡಬ್ಬಿ ತರಿಸಲು ಹೊರಟಳು. ಅವನಿಗೆ ಹಿಂದೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಕೇಳದೆ ನುಂಗಬೇಡಿ ಎಂದು ಅವರನ್ನೂ ಡಾಕ್ಟರಮ್ಮನ ಹತ್ತಿರ ಕಳಿಸಿದೆವು. ಅವನಿಗೆ ಮಾತ್ರೆ ಬೇಡ, ಊಟದಲ್ಲೇ ಸಾಕು ಎಂದರಂತೆ. ಚೌಡಮ್ಮ ಇದನ್ನು ತನ್ನ ಗೆಲುವು ಎಂದೇ ಊರಿಗೆಲ್ಲ ಹೇಳಿಕೊಂಡು ಬಂದಳು.

ಆಮೇಲೆ ಆ ಮನೆಯಲ್ಲಿ ನಡೆದದ್ದು ಒಂದು ಚಿಕ್ಕ ಕ್ರಾಂತಿ. ಮೊದಲು ದೊಡ್ಡಪ್ಪ ಡೈರಿಗೆ ಹೋಗುವ ಹಾಲಿನಿಂದ ಒಂದು ದೊಡ್ಡ ಚೆಂಬು ತೆಗೆದಿಟ್ಟರು. "ಡೈರಿಯೋರು ಕೇಳ್ತಾರೆ, ಹಾಲು ಯಾಕೆ ಕಮ್ಮಿ ಅಂತ" ಎಂದಳು ದೊಡ್ಡಮ್ಮ. "ನನ್ನ ಹೆಂಡ್ತಿ ಕುಡಿದ್ಲು ಅಂತೀನಿ" ಎಂದರು ದೊಡ್ಡಪ್ಪ. ಹಾಲಿನ ವಾಸನೆ ಅವಳಿಗೆ ಆಗುತ್ತಿರಲಿಲ್ಲ, ಹೆಪ್ಪು ಹಾಕಿ ಮೊಸರು ಮಾಡಿದರು. ಹುರಿದ ಎಳ್ಳು ಬೆಲ್ಲ ಕುಟ್ಟಿ ಉಂಡೆ ಮಾಡಿದರು, ಅದನ್ನು ಕಡಿದರೆ ಹಲ್ಲಿಗೇ ಅಪಾಯವಿತ್ತು. ಕೆರೆಯಲ್ಲಿ ನೀರಿದ್ದಾಗ ಸಣ್ಣ ಮೀನು ಬಂತು. ನಾನು ಎಲ್ಲೋ ಓದಿದ ನೆನಪಿನಲ್ಲಿ, ರೇಷ್ಮೆ ಸೊಪ್ಪಿನಲ್ಲೂ ಕ್ಯಾಲ್ಸಿಯಂ ಇದೆಯಂತೆ ಎಂದು ಬಾಯಿ ತಪ್ಪಿ ಅಂದೆ. ಮಾರನೆಯ ದಿನವೇ ದೊಡ್ಡಪ್ಪ ಔಷಧಿ ಹೊಡೆಯದ ಸಾಲಿನಿಂದ ಎಳೆ ಕುಡಿ ತಂದು ಮಸ್ಸೊಪ್ಪು ಮಾಡಿಯೇಬಿಟ್ಟರು. ತಿನ್ನುತ್ತಿದ್ದಾಗ ಪಕ್ಕದ ಕೋಣೆಯಿಂದ ಹುಳ ಮೇಯುವ ಸದ್ದು ಬರುತ್ತಿತ್ತು. ದೊಡ್ಡಮ್ಮ ಎರಡು ತುತ್ತು ತಿಂದು ತಟ್ಟೆ ನೋಡಿದಳು. "ಹುಳಗಳ ಪಂಕ್ತೀಲಿ ಕೂತಂಗೈತೆ. ಅವುಕ್ಕೆ ಬಿಟ್ಬಿಡಿ" ಎಂದಳು. ರುಚಿ ಕೆಟ್ಟದಾಗೇನೂ ಇರಲಿಲ್ಲ ಎಂದು ನನ್ನ ನೆನಪು, ಆದರೆ ಮತ್ತೆ ಯಾರೂ ಮಾಡಲಿಲ್ಲ.

ಬಿಸಿಲಿಗೆ ಮಾತ್ರ ನಮ್ಮಲ್ಲಿ ಬರವಿಲ್ಲ. ಹುಳದ ಮನೆಯ ಕತ್ತಲಲ್ಲೇ ದಿನದ ಬಹುಪಾಲು ಕಳೆಯುತ್ತಿದ್ದ ದೊಡ್ಡಮ್ಮ, ಡಾಕ್ಟರಮ್ಮ ಹೇಳಿದ ಮೇಲೆ ದಿನವೂ ಸ್ವಲ್ಪ ಹೊತ್ತು ಅಂಗಳದಲ್ಲಿ ತೋಳಿಗೆ ಬಿಸಿಲು ಬೀಳುವಂತೆ ಕೂರುತ್ತಿದ್ದಳು. ಕೈ ಕೂಡಿ ಪಟ್ಟಿ ಬಿಚ್ಚಿದ ಮೇಲೆ ನಡಿಗೆ ಶುರು ಮಾಡಿದಳು, ಕೆರೆ ಏರಿಯ ಮೇಲೆ, ದೊಡ್ಡಪ್ಪನ ಜೊತೆ. ಅವರಿಬ್ಬರೂ ಹಾಗೆ ಕೆಲಸವಿಲ್ಲದೆ ಜೊತೆಯಾಗಿ ನಡೆದದ್ದನ್ನು ಊರು ನೋಡಿರಲಿಲ್ಲ. "ಎಲ್ಲಿಗಪ್ಪಾ ಗೌಡ್ರು?" ಎಂದು ಯಾರಾದರೂ ಕೇಳಿದರೆ ದೊಡ್ಡಪ್ಪ, "ಎಕ್ಕಡಿಕೀ ಲೇದು" ಎನ್ನುತ್ತಿದ್ದರು. ಎಲ್ಲಿಗೂ ಇಲ್ಲ.

ಮುಂದಿನ ವರ್ಷದ ಮಳೆಗಾಲದಲ್ಲಿ ಅವಳು ಮತ್ತೆ ಬಿದ್ದಳು. ಈ ಸಲ ಬಿದ್ದದ್ದು ಜೋರಾಗಿಯೇ, ಪಾಚಿ ಕಟ್ಟಿದ್ದ ಒಗೆಯುವ ಕಲ್ಲಿನಿಂದ ಜಾರಿ, ಒಂದು ಪಕ್ಕಕ್ಕೆ. ನಾನೂ ದೊಡ್ಡಪ್ಪನೂ ಒಟ್ಟಿಗೆ ಓಡಿದೆವು. ಡಾಕ್ಟರಮ್ಮ ಹೇಳಿದ ಸೊಂಟ ಎಂಬ ಮಾತು ನಮ್ಮಿಬ್ಬರ ತಲೆಯಲ್ಲೂ ಇತ್ತು. ಅವಳು ಕೆಸರಿನಲ್ಲಿ ಹಾಗೇ ಮಲಗಿದ್ದಳು, ಕಣ್ಣು ಮುಚ್ಚಿಕೊಂಡು. ದೊಡ್ಡಪ್ಪ ಮಂಡಿಯೂರಿ ಕೂತರು, ಮುಟ್ಟಲು ಹೋದ ಕೈ ಮುಟ್ಟದೆ ಗಾಳಿಯಲ್ಲೇ ನಿಂತಿತು.

"ಏಮೇ," ಎಂದರು. "ಮಾಟ್ಲಾಡವೇ." ಮಾತಾಡೇ ಎಂದು.

ಅವಳು ಕಣ್ಣು ತೆರೆಯದೆ, "ಸುಮ್ನಿರಿ. ನೋಡ್ಕೊಂತಾ ಇದೀನಿ" ಎಂದಳು. ಮೊದಲು ಬೆರಳು ಆಡಿಸಿದಳು, ಆಮೇಲೆ ಮಣಿಕಟ್ಟು. ಒಂದು ಕಾಲು ಮಡಿಸಿದಳು, ಇನ್ನೊಂದು ಮಡಿಸಿದಳು. ಮನೆಯ ಎಲ್ಲೆಡೆ ದೀಪ ಹಚ್ಚಿ ನೋಡುವವಳ ಹಾಗೆ ಮೈಯನ್ನೆಲ್ಲ ಒಂದು ಸುತ್ತು ವಿಚಾರಿಸಿಕೊಂಡು, ಕಣ್ಣು ಬಿಟ್ಟು, "ಎಲ್ಲ ಐತೆ. ಏಳಿಸಿ" ಎಂದಳು. ತೊಡೆ ಕಪ್ಪಗೆ ಕಂದಿತ್ತು, ಅಷ್ಟೇ. ಆದರೂ ಮುಳಬಾಗಿಲಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಎಲ್ಲೂ ಮುರಿದಿರಲಿಲ್ಲ. ಔಷಧಿ ಕಾಪಾಡಿತೋ, ಮೊಸರು ಮುದ್ದೆಯೋ, ಏರಿಯ ಮೇಲಿನ ನಡಿಗೆಯೋ, ಮೆತ್ತಗಿದ್ದ ಕೆಸರೋ, ನಾನು ಹೇಳಲಾರೆ. ದೊಡ್ಡಮ್ಮನಿಗೆ ಮಾತ್ರ ಸಂಶಯವಿರಲಿಲ್ಲ. ಮನೆಗೆ ಬಂದವಳೇ ಕೋಳಿಗಳಿಗೆ ಒಂದು ಹಿಡಿ ನುಚ್ಚು ಹೆಚ್ಚಿಗೆ ಹಾಕಿದಳು.

ನನಗೆ ಆಮೇಲೆ ಮಾಲೂರಿಗೇ ವರ್ಗವಾಯಿತು. ಹೋಗಿ ಬರುವುದು ಹಬ್ಬಕ್ಕೆ, ಮದುವೆಗೆ ಎಂದಾಯಿತು. ಆದರೆ ಮಾತ್ರೆ ಕೊಂಡ ಆ ವಾರದ ಕೊನೆಗೆ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಸ್ಸು ಹತ್ತಿದೆ. ಹೆಂಡತಿ "ಈ ಬೆನ್ನಲ್ಲಿ ಯಾಕೆ?" ಎಂದಳು. ಈ ಬೆನ್ನಿಗೇ ಹೋಗುತ್ತಿದ್ದೇನೆ ಎಂದು ಹೇಳಿದರೆ ಅವಳಿಗೆ ಅರ್ಥವಾಗುತ್ತಿತ್ತೋ ಇಲ್ಲವೋ.

ದೊಡ್ಡಮ್ಮನಿಗೆ ಈಗ ಎಂಬತ್ತರ ಹತ್ತಿರ. ಹುಳ ಸಾಕುವುದನ್ನು ಬಿಟ್ಟಿದ್ದಾರೆ, ಮಗಳ ದೊಡ್ಡ ಮಗ ಬಂದು ತೋಟ ನೋಡಿಕೊಳ್ಳುತ್ತಾನೆ. ಅಡುಗೆ ಮನೆಯಲ್ಲಿ ದೊಡ್ಡಪ್ಪ ಮುದ್ದೆ ತಿರುವುತ್ತಿದ್ದರು, ಈಗ ಗ್ಯಾಸ್ ಒಲೆಯ ಮುಂದೆ ನಿಂತುಕೊಂಡು. ಮುದ್ದೆಗಳು ಗುಂಡಗೆ, ನುಣ್ಣಗೆ, ಒಂದೇ ಅಳತೆಯವು.

"ಇನ್ನೂ ನೀವೇ ಮಾಡ್ತೀರಾ ದೊಡ್ಡಪ್ಪ?"

"ಆಯಮ್ಮಂಗೆ ಕೈ ನೋವಂತೆ" ಎಂದರು.

ದೊಡ್ಡಮ್ಮ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಬಂದು ದನಿ ತಗ್ಗಿಸಿದಳು. "ಕೈ ನೋವು ಹೋಗಿ ಯಾವ ಕಾಲ ಆಯ್ತೋ. ಮಾಡಿಕೊಂಡು ಹೋಗ್ಲಿ ಅಂತ ಸುಮ್ನಿದೀನಿ. ಅವ್ರ ಕೈ ಮುದ್ದೆ ಅಭ್ಯಾಸ ಆಗೋಯ್ತು." ಊಟಕ್ಕೆ ಕೂತಾಗ ದೊಡ್ಡಪ್ಪ, ಅವಳು ನೀರು ತರಲು ಎದ್ದ ಸಮಯ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು. "ಮೊನ್ನೆ ಪಕ್ಕದ ಮನೇಲಿ ಇದೇ ಕೈಯಲ್ಲಿ ಒನಕೆ ಹಿಡ್ಕೊಂಡು ಕುಟ್ತಿದ್ಲು, ನೋಡ್ದೆ. ನೀನು ಏನೂ ಹೇಳೋಕೆ ಹೋಗ್ಬೇಡ."

ನಾನು ಯಾರಿಗೂ ಏನೂ ಹೇಳಲಿಲ್ಲ. ನನ್ನ ಸುದ್ದಿ ಮಾತ್ರ ಹೇಳಿದೆ, ಸ್ವಲ್ಪ ನಾಚಿಕೆಯಿಂದಲೇ. ದೊಡ್ಡಮ್ಮ ಅಯ್ಯೋ ಪಾಪ ಎನ್ನಬಹುದು ಎಂದುಕೊಂಡಿದ್ದೆ. ಅವಳು ಮೊಸರಿನ ಪಾತ್ರೆಯನ್ನೇ ನನ್ನ ಮುಂದೆ ಸರಿಸಿ, "ಲಕ್ಕೂರಿನ ಮೂಳೆ ಕಣೋ ಅದು, ಅವ್ವನ ಕಡೆದು. ಗಂಡು ಹೆಣ್ಣು ಅಂತ ನೋಡಲ್ಲ. ನೀನು ಬೇಗ ತಿಳ್ಕೊಂಡೆ, ಒಳ್ಳೇದೇ ಆಯ್ತು. ಮಕ್ಕಳಿಗೂ ಹೇಳು. ಉಣ್ಣು" ಎಂದಳು. ಆ ಒಂದು ಮಾತಿಗೆ, ಔಷಧಿ ಅಂಗಡಿಯಿಂದ ಹೊತ್ತುಕೊಂಡು ತಿರುಗುತ್ತಿದ್ದ ಏನೋ ಒಂದು ಭಾರ ಇಳಿಯಿತು.

ಊಟವಾದ ಮೇಲೆ ಮಾತ್ರೆ ಅಗಿದೆ. ಅವಳೂ ತನ್ನದನ್ನು ಅಗಿದಳು. ಆಮೇಲೆ, "ಬಾ, ಏರಿ ಮೇಲೆ ಹೋಗ್ಬರೋಣ" ಎಂದು ಹೊರಟೇಬಿಟ್ಟಳು. ದೊಡ್ಡಪ್ಪ ಜಗುಲಿಯಲ್ಲಿ ಕಣ್ಣು ಮುಚ್ಚಿದ್ದರು. ಅವಳು ಮುಂದೆ, ನಾನು ಹಿಂದೆ. ಕೆರೆ ಅರ್ಧ ತುಂಬಿತ್ತು. ಅವಳ ನಡಿಗೆಯಲ್ಲಿ ಅವಸರವಿರಲಿಲ್ಲ, ಆದರೂ ನಾನು ಹಿಂದೆ ಬಿದ್ದೆ. ಸೊಂಟದ ಪಟ್ಟಿ ಸರಿಮಾಡಿಕೊಳ್ಳಲು ನಿಂತೆ. ಅವಳು ತಿರುಗಿ ನೋಡಿ, ನನ್ನ ತುಂಬು ತೋಳಿನ ಮೇಷ್ಟ್ರ ಶರಟನ್ನು ನೋಡಿ, "ತೋಳು ಮಡಿಸೋ. ಮೈಗೆ ಬಿಸಿಲು ಬೀಳ್ಲಿ" ಎಂದಳು.

ಗುಂಡಿ ಬಿಚ್ಚಿ, ಎರಡೂ ತೋಳನ್ನು ಮೊಣಕೈಯವರೆಗೆ ಮಡಿಸಿದೆ. ಅವಳು ಕಾದು ನಿಂತಿದ್ದಳು. ಮಡಿಸಿದ್ದು ಸಮವಾಗಿದೆಯೇ ಎಂದು ನೋಡಿ, ಮತ್ತೆ ತಿರುಗಿ ನಡೆದಳು. ಈ ಸಲ ಸ್ವಲ್ಪ ನಿಧಾನವಾಗಿ, ನಾನು ಜೊತೆಗೆ ಬರಲಿ ಎಂದು.